ಕಾರಿಗೆ ನಂಬರ್, ಸೈಕಲ್‌ಗೆ ಮೂಲೆ!

ಇವತ್ತು ರಾಜಕೀಯ ಇಲ್ಲ. ಯಾರ ರಾಜೀನಾಮೆಯೂ ಇಲ್ಲ, ಯಾರ ಮನೆ ಮೇಲೂ ದಾಳಿ ಇಲ್ಲ. ಇವತ್ತು ಸೈಕಲ್ ವಿಷಯ ಮಾತಾಡೋಣ. ಅದೂ ಅಪಾರ್ಟ್‌ಮೆಂಟ್‌ನಲ್ಲಿ ಸೈಕಲ್ ನಿಲ್ಲಿಸೋ ವಿಷಯ. ನಗಬೇಡಿ. ಒಂದು ಸೈಕಲ್ ಕಾಣದೇ ಹೋಗಿದ್ದಕ್ಕೆ ಒಬ್ಬ ಮನುಷ್ಯನ ಕೆಲಸ ಹೋಗಿದೆ. ಆ ಸೈಕಲ್ ನಮ್ಮ ಮನೆಯದು. ಕಂಪ್ಲೇಂಟ್ ಕೊಟ್ಟವನು ನಾನು.

ನಾನಿರೋದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್‌ನಲ್ಲಿ. ಎರಡು ಬ್ಲಾಕ್, ಕೆಳಗೆ ಒಂದೇ ಬೇಸ್‌ಮೆಂಟ್. ಮಗಳ ಹುಟ್ಟುಹಬ್ಬಕ್ಕೆ ಒಂದು ನೀಲಿ ಸೈಕಲ್ ತಂದಿದ್ದೆ. ನಮ್ಮ ಕಾರಿನ ಹಿಂದೆ, ಪಿಲ್ಲರ್‌ಗೆ ಒರಗಿಸಿ ಇಡ್ತಿದ್ವಿ. ಒಂದು ಭಾನುವಾರ ಬೆಳಗ್ಗೆ ಕೆಳಗೆ ಓಡಿದ ಮಗಳು ಅಳ್ತಾ ವಾಪಸ್ ಬಂದಳು. "ಅಪ್ಪಾ, ಸೈಕಲ್ ಇಲ್ಲ!"

ನಾನೇನು ಮಾಡಿದೆ? ಎಲ್ಲರೂ ಮಾಡೋದನ್ನೇ ಮಾಡಿದೆ. ಅಸೋಸಿಯೇಷನ್ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಉದ್ದದ ಮೆಸೇಜ್ ಹಾಕಿದೆ. ದಿನಾ ಟಿವಿಯಲ್ಲಿ ಪ್ರಶ್ನೆ ಕೇಳಿ ಅಭ್ಯಾಸ ನೋಡಿ, ಅಲ್ಲೂ ಅದೇ ಧಾಟಿ. ರಾತ್ರಿ ಡ್ಯೂಟಿಯಲ್ಲಿ ಯಾರಿದ್ದರು? ಅವರು ಏನು ಮಾಡ್ತಿದ್ದರು? ತಿಂಗಳು ತಿಂಗಳು ಮೆಂಟೆನೆನ್ಸ್ ಕಟ್ಟೋದು ಯಾತಕ್ಕೆ? ಅರ್ಧ ಗಂಟೆಯಲ್ಲಿ ಐವತ್ತು ಜನ ದನಿಗೂಡಿಸಿದರು. ಇನ್ನೊಬ್ಬರ ಹೆಲ್ಮೆಟ್, ಮತ್ತೊಬ್ಬರ ಚಪ್ಪಲಿ, ಎಲ್ಲ ಹಳೇ ಲೆಕ್ಕವೂ ಅವತ್ತೇ ಹೊರಗೆ ಬಂತು.

ರಾತ್ರಿ ಕಾವಲಿಗಿದ್ದವರು ಯಾದಗಿರಿ ಕಡೆಯವರು. ಐವತ್ತು ದಾಟಿದ ಮನುಷ್ಯ. ಆಫೀಸ್ ರೂಮಿನಲ್ಲಿ ನಿಂತು ಒಂದೇ ಮಾತು ಹೇಳಿದರು. "ನನ್ ಡ್ಯೂಟಿ ಗೇಟ್‌ನ್ಯಾಗ ಅದರೀ ಸರ. ಕೆಳಗ ಯಾರ ಸೈಕಲ್ ಯಾವ್ದು ಅಂತ ನನಗ ಹ್ಯಾಂಗ್ ಗೊತ್ತಾಗಬೇಕ್ರಿ?" ಆ ಮಾತು ಅವತ್ತು ನನಗೆ ನೆಪದ ಹಾಗೆ ಕೇಳಿಸ್ತು. ಎರಡು ದಿನದಲ್ಲಿ ಏಜೆನ್ಸಿಯವರು ಅವರನ್ನು ತೆಗೆದು ಬೇರೆಯವರನ್ನು ಹಾಕಿದರು.

ಹನ್ನೆರಡನೇ ದಿನ ಸೈಕಲ್ ಸಿಕ್ತು. ಎಲ್ಲಿ? ಅದೇ ಬೇಸ್‌ಮೆಂಟ್‌ನಲ್ಲಿ! ಆ ಕಡೆ ಬ್ಲಾಕ್‌ನ ಜನರೇಟರ್ ರೂಮಿನ ಹಿಂದೆ ಧೂಳು ಹಿಡಿದ ಇಪ್ಪತ್ತು ಸೈಕಲ್ ಬಿದ್ದಿದ್ದವಲ್ಲ, ಅವುಗಳ ನಡುವೆ. ಆಟದ ಹೊತ್ತಲ್ಲಿ ಯಾವುದೋ ಮಗು ಓಡಿಸಿಕೊಂಡು ಹೋಗಿ ಅಲ್ಲಿ ಬಿಟ್ಟಿತ್ತು. ಮರುದಿನ ಯಾರೋ ಅದರ ಮೇಲೆ ಇನ್ನೆರಡು ಸೈಕಲ್ ಒರಗಿಸಿದ್ದರು. ಅಷ್ಟೇ ಕಥೆ.

ನಾನು ಎಂಜಿನಿಯರಿಂಗ್ ಓದಿ ಮೈಕ್ ಹಿಡಿದವನು. ಆ ಓದಿನಿಂದ ಉಳಿದ ಒಂದು ಅಭ್ಯಾಸ ಇದೆ. ಮಷಿನ್ ಕೆಟ್ಟಾಗ 'ಯಾರು ಕೆಡಿಸಿದ್ದು' ಅನ್ನೋದಕ್ಕಿಂತ ಮೊದಲು 'ಯಾಕೆ ಕೆಡ್ತು' ಅಂತ ಕೇಳಬೇಕು. ಅವತ್ತು ಆ ಅಭ್ಯಾಸ ಮರೆತಿದ್ದೆ. ಆಮೇಲೆ ಕೂತು ಯೋಚನೆ ಮಾಡಿದೆ. ಇವತ್ತು ನಿಮ್ಮ ಮುಂದೆ ಇಡ್ತಿರೋದು ಆ ಯೋಚನೆಯನ್ನೇ.

ನಿಮ್ಮ ಬೇಸ್‌ಮೆಂಟ್ ಒಂದ್ಸಲ ನೆನಪು ಮಾಡಿಕೊಳ್ಳಿ. ಪ್ರತಿ ಕಾರಿಗೂ ನೆಲದ ಮೇಲೆ ಹಳದಿ ಗೆರೆ ಇದೆ, ಗೋಡೆ ಮೇಲೆ ಫ್ಲ್ಯಾಟ್ ನಂಬರ್ ಇದೆ, ಗಾಜಿನ ಮೇಲೆ ಸ್ಟಿಕ್ಕರ್ ಇದೆ. ಬೇರೆಯವರ ಕಾರು ಆ ಜಾಗದಲ್ಲಿ ನಿಂತರೆ ಐದು ನಿಮಿಷದಲ್ಲಿ ಇಂಟರ್‌ಕಾಂ ಬಡಿದುಕೊಳ್ಳುತ್ತೆ. ಸೈಕಲ್‌ಗೆ? ಪಿಲ್ಲರ್ ಪಕ್ಕ, ಮೆಟ್ಟಿಲ ಕೆಳಗೆ, ಪೈಪಿನ ಹಿಂದೆ, ಯಾರದೋ ಕಾರಿನ ಬಂಪರ್ ಮುಂದೆ. ಜಾಗ ಸಿಕ್ಕಲ್ಲಿ ಅದರ ಊರು. ತನ್ನ ಜಾಗದಲ್ಲಿ ಇಲ್ಲದ ಕಾರು ಕಣ್ಣಿಗೆ ಬೀಳುತ್ತೆ. ಜಾಗವೇ ಇಲ್ಲದ ಸೈಕಲ್ ಎಲ್ಲಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇವತ್ತು ಅಲ್ಲಿತ್ತು, ನಾಳೆ ಇಲ್ಲ ಅಂದ್ರೆ ಕಳವಾಯ್ತಾ, ಸರಿಸಿದರಾ, ಗುಜರಿಗೆ ಹೋಯ್ತಾ, ಯಾರಿಗೂ ಗೊತ್ತಾಗಲ್ಲ. ಆ ಗೊಂದಲವೇ ಕಳ್ಳನಿಗೆ ಬಂಡವಾಳ. ಕಳ್ಳ ಇಲ್ಲದಿದ್ದರೂ, ಅದೇ ಗೊಂದಲ ಒಬ್ಬ ಬಡಪಾಯಿಯನ್ನು ಕಳ್ಳನ ಜಾಗದಲ್ಲಿ ನಿಲ್ಲಿಸುತ್ತೆ.

ಇದಕ್ಕೆ ಪರಿಹಾರ ಹೊಸದಾಗಿ ಕಂಡುಹಿಡಿಯಬೇಕಿಲ್ಲ. ನಾನು ಬೆಳೆದದ್ದು ತಿಪಟೂರಿನಲ್ಲಿ. ರೈಲಿಗೆ, ಬಸ್ಸಿಗೆ ಹೋಗೋರೆಲ್ಲ ಸೈಕಲ್ ಸ್ಟ್ಯಾಂಡ್‌ನಲ್ಲಿ ಸೈಕಲ್ ಬಿಟ್ಟು ಹೋಗ್ತಿದ್ದರು. ಸ್ಟ್ಯಾಂಡಿನವನ ಹತ್ರ ಕ್ಯಾಮೆರಾ ಇರಲಿಲ್ಲ, ಕಂಪ್ಯೂಟರ್ ಇರಲಿಲ್ಲ. ಒಂದು ನಂಬರಿನ ಎರಡು ಬಿಲ್ಲೆ ಇರ್ತಿದ್ದವು. ಒಂದು ಹ್ಯಾಂಡಲ್‌ಗೆ, ಇನ್ನೊಂದು ನಿಮ್ಮ ಜೇಬಿಗೆ. ಬಿಲ್ಲೆ ಕೊಟ್ಟರೆ ಸೈಕಲ್, ಇಲ್ಲಾಂದ್ರೆ ಇಲ್ಲ. ನಮ್ಮಪ್ಪ ವರ್ಷಗಟ್ಟಲೆ ಅಲ್ಲಿ ಸೈಕಲ್ ಬಿಟ್ಟರು, ಒಂದು ದಿನವೂ ಕಳೆದುಕೊಳ್ಳಲಿಲ್ಲ. ಅಲ್ಲಿ ಇದ್ದದ್ದು ಮೂರೇ ಮೂರು ಸಂಗತಿ. ಗೊತ್ತಾದ ಜಾಗ, ಗೊತ್ತಾದ ನಂಬರ್, ಗೊತ್ತಾದ ಮನುಷ್ಯ. ಕೋಟಿ ಕೊಟ್ಟು ಕೊಂಡ ಫ್ಲ್ಯಾಟಿನ ಕೆಳಗೆ ಈ ಮೂರೂ ಇಲ್ಲ.

ಸರಿ, ಒಂದೊಂದಾಗಿ ನೋಡೋಣ. ಮೊದಲು ಬೀಗ.

ನಮ್ಮ ಹಳೇ ಸೈಕಲ್‌ಗಳಲ್ಲಿ ಹಿಂದಿನ ಚಕ್ರದ ಮೇಲೇ ಒಂದು ಬೀಗ ಕೂತಿರುತ್ತೆ. ಕೀ ತಿರುಗಿಸಿದರೆ ಕಂಬಿ ಕಡ್ಡಿಗಳ ನಡುವೆ ಹೋಗುತ್ತೆ, ಚಕ್ರ ತಿರುಗಲ್ಲ. ಇದರಿಂದ ಸೈಕಲ್ ತುಳಿದುಕೊಂಡು ಹೋಗೋಕಾಗಲ್ಲ, ನಿಜ. ಆದರೆ ಎತ್ತಿಕೊಂಡು ಹೋಗಬಹುದಲ್ಲ? ಗೇರ್ ಸೈಕಲ್ 15 ಕಿಲೋ ಆಸುಪಾಸು. ಗೂಡ್ಸ್ ಆಟೋಗೆ ಹಾಕಿಕೊಂಡರೆ ಮುಗೀತು.

ಇನ್ನೊಂದು, ನಂಬರ್ ತಿರುಗಿಸೋ ವೈರ್ ಲಾಕ್. ಬಣ್ಣದ ಪ್ಲಾಸ್ಟಿಕ್ ಒಳಗೆ ಹೆಣೆದ ಸಣ್ಣ ತಂತಿ. ನೋಡೋಕೆ ದಪ್ಪ, ಒಳಗೆ ತೆಳು. ಬೋಲ್ಟ್ ಕಟರ್ ಅಂತ ಒಂದು ಸಾಧನ ಇದೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ. ಉದ್ದದ ಹಿಡಿಕೆ, ಪುಟ್ಟ ದವಡೆ. ಹೈಸ್ಕೂಲಿನಲ್ಲಿ ಸನ್ನೆಕೋಲು ಓದಿದ್ದು ನೆನಪಿದೆಯಾ? ಹಿಡಿಕೆ ಉದ್ದ ಆದಷ್ಟೂ ದವಡೆಯಲ್ಲಿ ಬಲ ಹೆಚ್ಚು. ಕೈಯಲ್ಲಿ ಹಾಕಿದ ಬಲ ಅಲ್ಲಿ ಹತ್ತಾರು ಪಟ್ಟು ಆಗುತ್ತೆ. ವೈರ್ ಲಾಕ್ ಅದಕ್ಕೆ ಕೆಲವೇ ಸೆಕೆಂಡಿನ ಕೆಲಸ.

ಹಾಗಾದ್ರೆ ಗಟ್ಟಿ ಯಾವುದು? ಇಂಗ್ಲಿಷ್ 'ಯು' ಆಕಾರದ ಲಾಕ್, ಹದ ಮಾಡಿದ ಉಕ್ಕಿನದು. ಕಂಬಿ 13 ಮಿಲಿಮೀಟರ್, ಅದಕ್ಕಿಂತ ದಪ್ಪ ಇದ್ದರೆ ಕೈಯಲ್ಲಿ ಹಿಡಿಯೋ ಮಾಮೂಲಿ ಕಟರ್ ಸೋಲುತ್ತೆ. ಕರೆಂಟ್ ಗ್ರೈಂಡರ್ ತಂದರೆ ಅದೂ ಉಳಿಯಲ್ಲ ಬಿಡಿ. ಆದರೆ ಗ್ರೈಂಡರ್ ಸದ್ದು ಮಾಡುತ್ತೆ, ಕಿಡಿ ಹಾರಿಸುತ್ತೆ, ಸಮಯ ತಗೊಳ್ಳುತ್ತೆ. ಇದನ್ನು ಚೆನ್ನಾಗಿ ನೆನಪಿಡಿ. ಜಗತ್ತಿನಲ್ಲಿ ಮುರಿಯೋಕೆ ಆಗದ ಬೀಗ ಇಲ್ಲ. ಬೀಗ ನಿಮಗೆ ಕೊಡೋದು ನಿಮಿಷಗಳನ್ನು. ಆ ನಿಮಿಷಗಳಲ್ಲಿ ಯಾರಾದ್ರೂ ನೋಡೋ ಹಾಗಿರಬೇಕು. ಕತ್ತಲ ಮೂಲೆಯಲ್ಲಿ ಎಷ್ಟು ದುಬಾರಿ ಬೀಗ ಹಾಕಿದರೂ ಕಳ್ಳನಿಗೆ ಇಡೀ ರಾತ್ರಿ ಇರುತ್ತೆ.

ದುಬಾರಿ ಬೀಗದ ಗರ್ವ ಮುರಿದ ಒಂದು ಪ್ರಸಂಗ ಹೇಳ್ತೀನಿ. 2004ರಲ್ಲಿ ಅಮೆರಿಕದಲ್ಲಿ ದುಂಡನೆಯ ಕೀ ಹಾಕೋ ಯು-ಲಾಕ್‌ಗಳನ್ನು ಒಂದು ಅಗ್ಗದ ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆಯಿಂದ ತೆಗೆಯಬಹುದು ಅನ್ನೋದು ಊರಿಗೆಲ್ಲ ಗೊತ್ತಾಯ್ತು. ಹೆಸರುವಾಸಿ ಕ್ರಿಪ್ಟೋನೈಟ್ ಕಂಪನಿಯೇ ಬೀಗಗಳನ್ನು ವಾಪಸ್ ತಗೊಂಡು ಬೇರೆ ಕೊಡಬೇಕಾಯ್ತು. ಅದಕ್ಕೇ ಹೇಳಿದ್ದು, ಬೀಗ ಒಂದನ್ನೇ ನಂಬಿ ಕೂರಬೇಡಿ.

ಬೀಗಕ್ಕಿಂತ ಮುಖ್ಯವಾದದ್ದು, ಅದನ್ನು ಯಾವುದಕ್ಕೆ ಹಾಕ್ತೀರಿ ಅನ್ನೋದು. ಸೈಕಲ್ಲನ್ನು ಅದಕ್ಕೇ ಬೀಗ ಹಾಕಿದರೆ ಏನೂ ಪ್ರಯೋಜನ ಇಲ್ಲ. ನೆಲಕ್ಕೆ ಭದ್ರವಾಗಿ ಕೂತ ಕಬ್ಬಿಣಕ್ಕೆ ಹಾಕಬೇಕು. ಅದೂ ಹೇಗೆ? ಫ್ರೇಮ್ ಮತ್ತು ಹಿಂದಿನ ಚಕ್ರ ಎರಡೂ ಬೀಗದ ಒಳಗೆ ಬರೋ ಹಾಗೆ. ಬರೀ ಮುಂದಿನ ಚಕ್ರಕ್ಕೆ ಹಾಕಿದಿರಿ ಅಂತಿಟ್ಟುಕೊಳ್ಳಿ. ಈಗಿನ ಎಷ್ಟೋ ಸೈಕಲ್‌ಗಳಲ್ಲಿ ಆ ಚಕ್ರವನ್ನು ಸ್ಪ್ಯಾನರ್ ಇಲ್ಲದೇ, ಒಂದು ಹಿಡಿಕೆ ತಿರುಗಿಸಿ ಬಿಚ್ಚಬಹುದು. ಬೆಳಗ್ಗೆ ನಿಮಗೆ ಒಂದು ಚಕ್ರ ಸಿಗುತ್ತೆ, ಅದರ ಜೊತೆ ಭದ್ರವಾದ ಬೀಗವೂ ಸಿಗುತ್ತೆ!

ಎರಡನೆಯದು, ಸಿಸಿಟಿವಿ. "ಕ್ಯಾಮೆರಾ ಇದೆಯಲ್ಲ ಸಾರ್" ಅಂತಾರೆ. ಇದೆ. ಗೇಟ್ ಕಡೆ ಇದೆ, ರ‍್ಯಾಂಪ್ ಕಡೆ ಇದೆ, ಲಿಫ್ಟ್ ಲಾಬಿಯಲ್ಲಿ ಇದೆ. ಸೈಕಲ್ ಬಿದ್ದಿರೋ ಮೂಲೆ ಕಡೆ ಇದೆಯಾ? ಕ್ಯಾಮೆರಾ ಕಳ್ಳತನ ತಡೆಯಲ್ಲ, ಬರೆದಿಡುತ್ತೆ. ಆ ಬರಹವೂ ಹಾರ್ಡ್ ಡಿಸ್ಕ್ ತುಂಬಿದ ಮೇಲೆ ಅಳಿಸಿಹೋಗುತ್ತೆ. ಎಷ್ಟೋ ಕಡೆ ಹದಿನೈದು ದಿನ, ತಿಂಗಳು, ಅಷ್ಟೇ. ಸೈಕಲ್ ಕಾಣ್ತಿಲ್ಲ ಅಂತ ನಿಮಗೆ ಗೊತ್ತಾಗೋದೇ ತಿಂಗಳ ಮೇಲೆ ಆದರೆ ಯಾವ ಫುಟೇಜ್ ನೋಡ್ತೀರಿ? ಕ್ಯಾಮೆರಾ ಕೆಲಸಕ್ಕೆ ಬರಬೇಕು ಅಂದ್ರೆ ಸೈಕಲ್‌ಗಳೆಲ್ಲ ಒಂದು ಕಡೆ ಇರಬೇಕು, ಅಲ್ಲಿ ಬೆಳಕಿರಬೇಕು. ಮತ್ತೆ ಅಲ್ಲಿಗೇ ಬಂದ್ವಿ, ನೋಡಿ. ಜಾಗ!

ಆ ಜಾಗ ಎಲ್ಲಿದೆ? ಪ್ರತಿ ಅಸೋಸಿಯೇಷನ್ ಮೀಟಿಂಗ್‌ನಲ್ಲೂ ಕೇಳೋ ಉತ್ತರ ಇದೇ, "ಕಾರಿಗೇ ಜಾಗ ಇಲ್ಲ, ಸೈಕಲ್‌ಗೆ ಎಲ್ಲಿಂದ ತರೋದು?" ಲೆಕ್ಕ ಮಾಡೋಣ. ಪೆನ್ನು ಪೇಪರ್ ತಗೊಳ್ಳಿ.

ಒಂದು ಕಾರಿನ ಜಾಗ ಸಾಮಾನ್ಯವಾಗಿ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ. ದೊಡ್ಡವರ ಸೈಕಲ್ ಸುಮಾರು 1.8 ಮೀಟರ್ ಉದ್ದ, ಹ್ಯಾಂಡಲ್ 60 ಸೆಂಟಿಮೀಟರ್ ಅಗಲ. ಪಕ್ಕಪಕ್ಕದ ಸೈಕಲ್‌ಗಳ ಮುಂಚಕ್ರವನ್ನು ಒಂದು ಮೇಲೆ, ಒಂದು ಕೆಳಗೆ ಇಟ್ಟರೆ ಹ್ಯಾಂಡಲ್‌ಗೆ ಹ್ಯಾಂಡಲ್ ತಾಗಲ್ಲ. ಆಗ ಒಂದು ಸೈಕಲ್‌ಗೆ 40 ಸೆಂಟಿಮೀಟರ್ ಸಾಕು. ಐದು ಮೀಟರ್ ಗೋಡೆಯುದ್ದಕ್ಕೆ ಹನ್ನೆರಡು ಸೈಕಲ್! ಕಾಗದದ ಮೇಲೆ ಚೆನ್ನಾಗಿದೆ. ಆದರೆ ಎರಡೂವರೆ ಮೀಟರ್‌ನಲ್ಲಿ 1.8 ಮೀಟರ್ ಸೈಕಲ್‌ಗೇ ಹೋಯ್ತು, ಉಳಿದದ್ದು 70 ಸೆಂಟಿಮೀಟರ್. ಅಷ್ಟರಲ್ಲಿ ಸೈಕಲ್ ತಿರುಗಿಸಿ ಹೊರಗೆ ತರೋಕಾಗಲ್ಲ. ಪಕ್ಕದ ಕಾರಿಗೆ ಗೀರು ಬೀಳುತ್ತೆ, ಜಗಳ ಶುರುವಾಗುತ್ತೆ.

ಅದಕ್ಕೇ ನೇರವಾಗಿ ಬೇಡ, 45 ಡಿಗ್ರಿ ಓರೆಯಾಗಿ ನಿಲ್ಲಿಸಿ. ಸೈಕಲ್ ಗೋಡೆಯಿಂದ ಸುಮಾರು ಒಂದೂವರೆ ಮೀಟರ್ ಮಾತ್ರ ಹೊರಗೆ ಬರುತ್ತೆ. ಓಡಾಡೋಕೆ ಒಂದು ಮೀಟರ್ ಸಿಗುತ್ತೆ. ಸೈಕಲ್ ಸಂಖ್ಯೆ ಎಂಟಕ್ಕೆ ಇಳಿಯುತ್ತೆ. ಇಳಿಯಲಿ. ಒಂದು ಕಾರಿನ ಜಾಗದಲ್ಲಿ ಎಂಟು ಮನೆಯ ಸೈಕಲ್! ಎರಡು ಕಾರಿನ ಜಾಗ ಬಿಟ್ಟುಕೊಟ್ಟರೆ ಹದಿನಾರು. ನಿಮ್ಮ ಅಪಾರ್ಟ್‌ಮೆಂಟ್‌ನಲ್ಲಿ ವಿಸಿಟರ್ಸ್ ಪಾರ್ಕಿಂಗ್ ಅಂತ ಎಷ್ಟು ಜಾಗ ಖಾಲಿ ಬಿದ್ದಿದೆ, ಹಳೇ ಸೋಫಾ ಎಷ್ಟು ಜಾಗ ಹಿಡಿದಿದೆ, ನೋಡಿ ಬನ್ನಿ.

ಗೋಡೆಗೆ ಕೊಕ್ಕೆ ಹಾಕಿ ಸೈಕಲ್ ನೇತುಹಾಕೋದು ಇನ್ನೂ ಕಡಿಮೆ ಜಾಗ ಕೇಳುತ್ತೆ. ಆದರೆ 15 ಕಿಲೋ ಎತ್ತಬೇಕಲ್ಲ, ಹತ್ತು ವರ್ಷದ ಹುಡುಗಿ ಎತ್ತುತ್ತಾಳಾ? ಅರವತ್ತರ ಅಜ್ಜ ಎತ್ತುತ್ತಾರಾ? ಕಡಿಮೆ ಬಳಸೋ ಸೈಕಲ್‌ಗಳಿಗೆ ಅದು ಸರಿ, ದಿನಾ ಬಳಸೋರಿಗೆ ನೆಲವೇ ಸರಿ. ವಿದೇಶದ ಫೋಟೋದಲ್ಲಿ ನೋಡಿದ ಎರಡು ಅಂತಸ್ತಿನ ರ‍್ಯಾಕ್ ಬೇಕು ಅಂತ ಹಟ ಹಿಡಿಯಬೇಡಿ. ಅದಕ್ಕೆ ಎರಡೂಮುಕ್ಕಾಲು ಮೀಟರ್ ಹತ್ತಿರ ಎತ್ತರ ಬೇಕು. ನಮ್ಮ ಬೇಸ್‌ಮೆಂಟ್‌ಗಳಲ್ಲಿ ಬೀಮು, ಪೈಪು, ಸ್ಪ್ರಿಂಕ್ಲರ್ ಕಳೆದರೆ ಅಷ್ಟು ಉಳಿಯೋದು ಅಪರೂಪ.

ರ‍್ಯಾಕ್ ಅಂದ್ರೆ ದೊಡ್ಡ ವಿಜ್ಞಾನ ಅಲ್ಲ. ಇಂಗ್ಲೆಂಡಿನ ಶೆಫೀಲ್ಡ್ ಊರಿನ ಹೆಸರು ಹೊತ್ತ ಒಂದು ಸ್ಟ್ಯಾಂಡ್ ಇದೆ. ಪೈಪನ್ನು ಬಗ್ಗಿಸಿ ತಲೆಕೆಳಗಾದ 'ಯು' ಮಾಡಿ ನೆಲಕ್ಕೆ ಕೂರಿಸಿದ್ದು, ಅಷ್ಟೇ. ಎತ್ತರ ಮುಕ್ಕಾಲು ಮೀಟರ್. ಆ ಕಡೆ ಒಂದು, ಈ ಕಡೆ ಒಂದು, ಎರಡು ಸೈಕಲ್. ಫ್ರೇಮ್‌ಗೇ ಬೀಗ ಹಾಕಬಹುದು. ನಿಮ್ಮ ಏರಿಯಾದ ಗ್ರಿಲ್ ಮಾಡೋ ವೆಲ್ಡಿಂಗ್ ಅಂಗಡಿಯವರೇ ಮಾಡಿಕೊಡ್ತಾರೆ. ಚಕ್ರ ಮಾತ್ರ ಸಿಕ್ಕಿಸೋ ಸಣ್ಣ ಕಂಬಿಯ ಸ್ಟ್ಯಾಂಡ್ ಮಾತ್ರ ಬೇಡ. ಸೈಕಲ್ ಪಕ್ಕಕ್ಕೆ ವಾಲಿದರೆ ಚಕ್ರ ಸೊಟ್ಟಗಾಗುತ್ತೆ, ಫ್ರೇಮ್‌ಗೆ ಬೀಗವೂ ಎಟುಕಲ್ಲ.

ಇಲ್ಲಿ ಎಂಜಿನಿಯರ್ ಆಗಿ ಎರಡು ಎಚ್ಚರಿಕೆ ಹೇಳಲೇಬೇಕು. ಸ್ಟ್ಯಾಂಡ್ ಕೂರಿಸೋಕೆ ಸಿಕ್ಕಸಿಕ್ಕಲ್ಲಿ ಡ್ರಿಲ್ ಹಾಕಬೇಡಿ. ಹೊಸ ಕಟ್ಟಡಗಳ ಎಷ್ಟೋ ಸ್ಲ್ಯಾಬ್‌ಗಳ ಒಳಗೆ ಬಿಗಿಯಾಗಿ ಎಳೆದು ಕಟ್ಟಿದ ಉಕ್ಕಿನ ಕೇಬಲ್ ಇರುತ್ತೆ, ಪಿಟಿ ಸ್ಲ್ಯಾಬ್ ಅಂತಾರೆ. ಅದಕ್ಕೆ ಡ್ರಿಲ್ ತಾಗಿದರೆ ಅಪಾಯ. ತಳದ ಬೇಸ್‌ಮೆಂಟ್ ನೆಲದಲ್ಲಿ ಆಳವಾಗಿ ಕೊರೆದರೆ ವಾಟರ್‌ಪ್ರೂಫಿಂಗ್ ಹಾಳಾಗಿ ನೀರು ಜಿನುಗುತ್ತೆ. ಡ್ರಾಯಿಂಗ್ ನೋಡಿ, ಸ್ಟ್ರಕ್ಚರಲ್ ಎಂಜಿನಿಯರ್‌ನ ಒಂದು ಮಾತು ಕೇಳಿ. ಇಲ್ಲವೇ ಐದಾರು ಸ್ಟ್ಯಾಂಡ್‌ಗಳನ್ನು ಕೆಳಗೆ ಎರಡು ದಪ್ಪ ಚಾನೆಲ್‌ಗೆ ವೆಲ್ಡ್ ಮಾಡಿಸಿ. ಇಡೀ ಚೌಕಟ್ಟನ್ನು ಯಾರೂ ಹೊತ್ತುಕೊಂಡು ಹೋಗಲ್ಲ.

ಎರಡನೇ ಎಚ್ಚರಿಕೆ, ಮೆಟ್ಟಿಲು ಮತ್ತು ಕಾರಿಡಾರ್. ಕೆಳಗೆ ಭಯ ಅಂತ ಸೈಕಲ್ಲನ್ನು ಮೇಲೆ ತಂದು ಮನೆ ಬಾಗಿಲ ಮುಂದೆ, ಫೈರ್ ಎಕ್ಸಿಟ್ ಮೆಟ್ಟಿಲ ತಿರುವಿನಲ್ಲಿ ಇಡೋರಿದ್ದಾರೆ. ಬೆಂಕಿ ಬಿದ್ದಾಗ ಲಿಫ್ಟ್ ಬಳಸೋ ಹಾಗಿಲ್ಲ. ಇಡೀ ಕಟ್ಟಡ ಇಳಿಯೋದು ಅದೇ ಮೆಟ್ಟಿಲಲ್ಲಿ, ಹೊಗೆಯಲ್ಲಿ, ಕಣ್ಣು ಕಾಣದೆ. ಅಲ್ಲಿ ಒಂದು ಹ್ಯಾಂಡಲ್ ಸಿಕ್ಕಿಹಾಕಿಕೊಂಡರೆ? ಬ್ಯಾಟರಿ ಸೈಕಲ್ ಇದ್ದವರು ಚಾರ್ಜಿಂಗನ್ನೂ ಆ ದಾರಿಯಲ್ಲಿ ಇಟ್ಟುಕೊಳ್ಳಬೇಡಿ. ಸಿಟ್ಟು ಬಂದರೂ ಪರವಾಗಿಲ್ಲ, ಈ ವಿಷಯದಲ್ಲಿ ಅಸೋಸಿಯೇಷನ್ ಕಟ್ಟುನಿಟ್ಟಾಗಿರಲಿ. ಆದರೆ "ಅಲ್ಲಿ ಇಡಬೇಡಿ" ಅನ್ನೋರು "ಇಲ್ಲಿ ಇಡಿ" ಅಂತಲೂ ಹೇಳಬೇಕಲ್ವಾ?

ಬೇಸ್‌ಮೆಂಟ್‌ಗೆ ನೀರು ನುಗ್ಗೋ ಏರಿಯಾ ಆದರೆ ಸೈಕಲ್ ಜಾಗ ನೆಲಮಟ್ಟದಲ್ಲೇ ಇರಲಿ. 2022ರ ಸೆಪ್ಟೆಂಬರ್ ಮಳೆಯಲ್ಲಿ ಯಮಲೂರು, ಬೆಳ್ಳಂದೂರು ಕಡೆ ಏನಾಯ್ತು ಅಂತ ನಾವೇ ತೋರಿಸಿದ್ದೀವಿ, ನೀವೇ ನೋಡಿದ್ದೀರಿ.

ಈಗ ಕಾನೂನು. "ಬಿಲ್ಡರ್ ಕೊಟ್ಟಿಲ್ಲ, ನಾವೇನು ಮಾಡೋದು" ಅನ್ನೋರಿಗೆ ಹೇಳ್ತೀನಿ. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಸಾಮಾನ್ಯ ಪ್ರದೇಶ ಅಂದ್ರೆ ಏನು ಅಂತ ಪಟ್ಟಿ ಮಾಡುವಾಗ ಬೇಸ್‌ಮೆಂಟ್, ಅಂಗಳ, ಪಾರ್ಕಿಂಗ್ ಜಾಗ, ಸಾಮಾನು ಇಡೋ ಜಾಗ ಎಲ್ಲವನ್ನೂ ಸೇರಿಸುತ್ತೆ. ನಿಮ್ಮ ಡೀಡ್ ಆಫ್ ಡಿಕ್ಲರೇಷನ್‌ನಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ ಅದು ಎಲ್ಲರದು. 2016ರ ರೇರಾ ಕಾಯ್ದೆಯೂ ಸಾಮಾನ್ಯ ಬೇಸ್‌ಮೆಂಟ್, ತೆರೆದ ಪಾರ್ಕಿಂಗ್, ಸಾಮಾನ್ಯ ಸ್ಟೋರೇಜ್ ಜಾಗಗಳನ್ನು ಇದೇ ಪಟ್ಟಿಗೆ ಹಾಕಿದೆ. 2010ರಲ್ಲಿ ಮುಂಬೈನ ಪಾಂಚಾಲಿ ಸೊಸೈಟಿ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಮಹಾರಾಷ್ಟ್ರದ ಕಾನೂನಿನಡಿ, ಸ್ಟಿಲ್ಟ್ ಪಾರ್ಕಿಂಗನ್ನು ಬಿಲ್ಡರ್ ಬೇರೆಯಾಗಿ ಮಾರೋ ಹಾಗಿಲ್ಲ, ಅದು ಎಲ್ಲರ ಜಾಗ ಅಂತ ತೀರ್ಪು ಕೊಟ್ಟಿತು. ಅಂದ್ರೆ ಬೇಸ್‌ಮೆಂಟ್ ಅನ್ನೋದು ಹುಟ್ಟಿನಿಂದಲೇ ಕಾರುಗಳ ಆಸ್ತಿ ಏನಲ್ಲ. ಹಂಚಿಕೆಯಾಗದೆ ಉಳಿದ ಸಾಮಾನ್ಯ ಜಾಗದಲ್ಲಿ ಒಂದು ಭಾಗ ಸೈಕಲ್‌ಗೆ ಅಂತ ಜನರಲ್ ಬಾಡಿ ತೀರ್ಮಾನ ಮಾಡಬಹುದು. ಅಜೆಂಡಾದಲ್ಲಿ ಹಾಕಿಸೋಕೆ ಒಬ್ಬರು ಬೇಕು. ಆ ಒಬ್ಬರು ನೀವೇ ಯಾಕಾಗಬಾರದು?

ಕಳವಾದ ಮೇಲೆ ಏನು? ಇಲ್ಲೊಂದು ಹೊಸ ಸಂಗತಿ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳವಿಗೆ 303ನೇ ಸೆಕ್ಷನ್. ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಮೊದಲ ಸಲ ತಪ್ಪಿತಸ್ಥನಾದವನು ಅದನ್ನು ಅಥವಾ ಅದರ ಬೆಲೆಯನ್ನು ವಾಪಸ್ ಕೊಟ್ಟರೆ ಶಿಕ್ಷೆ ಸಮುದಾಯ ಸೇವೆ. ಅಷ್ಟೇ ಅಲ್ಲ, ಅಂಥ ಕಳವು ಈಗ ಅಸಂಜ್ಞೇಯ ಅಪರಾಧ. ಪೊಲೀಸ್ ಭಾಷೆಯಲ್ಲಿ ಎನ್‌ಸಿ. ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡೋ ಹಾಗಿಲ್ಲ. ಆದರೆ ಜನ ವಾಸ ಮಾಡೋ ಕಟ್ಟಡದ ಒಳಗಿನ ಕಳವಿಗೆ 305 ಅಂತ ಬೇರೆ ಸೆಕ್ಷನ್ ಇದೆ, ಅದರಲ್ಲಿ ಏಳು ವರ್ಷದವರೆಗೆ ಶಿಕ್ಷೆ. ಆದ್ದರಿಂದ ದೂರು ಕೊಡುವಾಗ ಸೈಕಲ್ ಎಲ್ಲಿತ್ತು, ಅದರ ಬೆಲೆ ಎಷ್ಟು, ಇವೆರಡನ್ನೂ ಸ್ಪಷ್ಟವಾಗಿ ಬರೆಯಿರಿ. ಬಿಲ್ ಇಟ್ಟುಕೊಳ್ಳಿ. ಸೈಕಲ್ಲನ್ನು ತಲೆಕೆಳಗೆ ಮಾಡಿ ನೋಡಿ, ಪೆಡಲ್‌ನ ಅಚ್ಚು ಹಾದುಹೋಗೋ ಜಾಗದ ಕೆಳಗೆ ಸಾಮಾನ್ಯವಾಗಿ ಒಂದು ನಂಬರ್ ಕೊರೆದಿರುತ್ತೆ. ಅದೇ ಫ್ರೇಮ್ ನಂಬರ್. ಅದರದ್ದೊಂದು, ಇಡೀ ಸೈಕಲ್‌ದೊಂದು ಫೋಟೋ ಮೊಬೈಲ್‌ನಲ್ಲಿ ಇರಲಿ. ನಾನು ದೂರು ಬರೆಯೋಕೆ ಕೂತಾಗ ನನ್ನ ಹತ್ರ ಇದ್ದದ್ದು 'ನೀಲಿ ಬಣ್ಣ' ಅನ್ನೋದು ಒಂದೇ.

ಈಗ ಗೇಟಿನ ಹೊರಗೆ ಬನ್ನಿ. ಯಾರೂ ನೋಡದ ಇನ್ನೊಂದಿಷ್ಟು ಸೈಕಲ್‌ಗಳಿವೆ. ಬೆಳಗ್ಗೆ ಐದೂವರೆಗೆ ಪೇಪರ್ ಹಾಕೋ ಹುಡುಗನದು, ಮಾಲಿಯದು, ಮನೆಗೆಲಸಕ್ಕೆ ಬರೋ ಅಕ್ಕನದು, ಹಗಲು ಪಾಳಿಯ ಸೆಕ್ಯುರಿಟಿಯದು. ಒಳಗೆ ತರೋ ಹಾಗಿಲ್ಲ ಅಂತ ಎಷ್ಟೋ ಕಡೆ ರೂಲ್ ಇದೆ. ಫುಟ್‌ಪಾತ್ ಮೇಲೆ, ಟ್ರಾನ್ಸ್‌ಫಾರ್ಮರ್ ಪಕ್ಕ ಒರಗಿಸಿ ಬರ್ತಾರೆ. ಅವು ಹಳೇ ಸೈಕಲ್, ಬೆಲೆ ಎರಡು ಸಾವಿರವೋ ಮೂರು ಸಾವಿರವೋ. ಈಗ ಕಾನೂನಿನ ಲೆಕ್ಕ ಹಾಕಿ. ನಮ್ಮ ಮಗುವಿನ ಆಟದ ಸೈಕಲ್ ಕಟ್ಟಡದ ಒಳಗೆ, ಬೆಲೆ ಹೆಚ್ಚು, ದೊಡ್ಡ ಸೆಕ್ಷನ್. ಅವರ ಅನ್ನದ ಸೈಕಲ್ ರಸ್ತೆಯಲ್ಲಿ, ಬೆಲೆ ಕಡಿಮೆ, ಎನ್‌ಸಿ. ಹೋದರೆ ಹೋಯ್ತು. ಮಾರನೇ ದಿನದಿಂದ ಅವರು ಬಸ್ಸಿಗೆ ದುಡ್ಡು ಹಾಕಬೇಕು, ಇಲ್ಲಾ ನಡೀಬೇಕು. ಸೈಕಲ್ ಕಳೆದುಕೊಂಡರೆ ನಮಗೆ ಬೇಜಾರು. ಅವರಿಗೆ ಸಂಬಳದಲ್ಲಿ ಕಡಿತ. ಆದ್ದರಿಂದ ಸೈಕಲ್ ಸ್ಟ್ಯಾಂಡ್ ಹಾಕುವಾಗ ಗೇಟಿನ ಒಳಗೆ, ಸೆಕ್ಯುರಿಟಿ ಕ್ಯಾಬಿನ್ ಕಣ್ಣಳತೆಯಲ್ಲಿ, ಕೆಲಸಕ್ಕೆ ಬರೋರಿಗೂ ಒಂದಿಷ್ಟು ಸ್ಟ್ಯಾಂಡ್ ಇಡಿ. ಇದು ದಾನ ಅಲ್ಲ, ಮರ್ಯಾದೆ.

ಇನ್ನು ಸತ್ತ ಸೈಕಲ್‌ಗಳು. 2020ರ ಲಾಕ್‌ಡೌನ್ ಹೊತ್ತಲ್ಲಿ ಉತ್ಸಾಹದಿಂದ ಕೊಂಡದ್ದು, ಮಗ ಬೆಳೆದು ಕಾಲೇಜಿಗೆ ಹೋದ ಮೇಲೆ ಉಳಿದದ್ದು, ಬಾಡಿಗೆಗಿದ್ದವರು ಬಿಟ್ಟುಹೋದದ್ದು. ಟೈರ್ ಚಪ್ಪಟೆ, ಚೈನ್‌ಗೆ ತುಕ್ಕು. ನಮ್ಮ ಸೈಕಲ್ ಹನ್ನೆರಡು ದಿನ ಅಡಗಿ ಕೂತಿದ್ದು ಇವುಗಳ ನಡುವೆಯೇ. ಇವನ್ನು ತೆಗೆಯದೆ ಹೊಸ ಸ್ಟ್ಯಾಂಡ್ ಹಾಕಿದರೆ, ಸ್ಟ್ಯಾಂಡ್ ತುಂಬಾ ಇವೇ ಕೂರ್ತವೆ. ವಿಧಾನ ಸುಲಭ. ಎಲ್ಲ ಸೈಕಲ್‌ಗೂ ಒಂದು ಚೀಟಿ ಕಟ್ಟಿ. ಒಂದು ತಿಂಗಳೊಳಗೆ ಚೀಟಿ ಮೇಲೆ ಫ್ಲ್ಯಾಟ್ ನಂಬರ್ ಬರೀರಿ ಅಂತ ನೋಟಿಸ್ ಹಾಕಿ. ಊರಲ್ಲಿ ಇಲ್ಲದ ಮಾಲೀಕರಿಗೆ ಇಮೇಲ್ ಕಳಿಸಿ. ಉಳಿದವನ್ನು ಫೋಟೋ ತೆಗೆದು, ಜನರಲ್ ಬಾಡಿ ಒಪ್ಪಿಗೆ ಪಡೆದು, ರಿಪೇರಿ ಮಾಡಿಸಿ ಬೇಕಾದವರಿಗೆ ಕೊಡಿ. ಹಾಗೆ ಕೊಡುವಾಗ ಒಂದು ಪತ್ರವನ್ನೂ ಬರೆದುಕೊಡಿ. ಇಲ್ಲದಿದ್ದರೆ ನಾಳೆ ಅವರನ್ನೇ ಯಾರಾದ್ರೂ "ಎಲ್ಲಿ ಕದ್ದೆ" ಅಂತ ಕೇಳ್ತಾರೆ.

ಉಳಿದವರಿಗೆ ಬಿಲ್ಲೆ. ತಿಪಟೂರಿನ ಅದೇ ಬಿಲ್ಲೆ! ಸ್ಟಿಕ್ಕರ್ ಅನ್ನಿ, ಟ್ಯಾಗ್ ಅನ್ನಿ. ಸೈಕಲ್ ಮೇಲೆ ಒಂದು ನಂಬರ್, ಗೇಟಿನ ರಿಜಿಸ್ಟರ್‌ನಲ್ಲಿ ಅದೇ ನಂಬರ್, ಪಕ್ಕದಲ್ಲಿ ಫ್ಲ್ಯಾಟ್ ಮತ್ತು ಫ್ರೇಮ್ ನಂಬರ್. ಜಪಾನ್‌ನಲ್ಲಿ 1994ರಿಂದ ಇಡೀ ದೇಶದಲ್ಲೇ ಸೈಕಲ್ ನೋಂದಣಿ ಕಾನೂನು ಇದೆ. ಮಾಡಿಸದಿದ್ದರೆ ದಂಡ ಇಲ್ಲ, ಆದರೂ ಅಂಗಡಿಯಲ್ಲಿ ಕೊಳ್ಳುವಾಗಲೇ ನೋಂದಣಿ ಮಾಡಿಸಿ, ಫ್ರೇಮ್ ಮೇಲೆ ಸ್ಟಿಕ್ಕರ್ ಅಂಟಿಸಿಕೊಂಡು ಬರ್ತಾರೆ. ನಮ್ಮಲ್ಲೂ ಒಂದು ಕಾಲಕ್ಕೆ ಮುನಿಸಿಪಾಲಿಟಿಯವರು ಸೈಕಲ್‌ಗೆ ಲೈಸೆನ್ಸ್ ಬಿಲ್ಲೆ ಕೊಡ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು. ಸರ್ಕಾರ ಮತ್ತೆ ಕೊಡಲಿ ಅಂತ ಕಾಯಬೇಕಿಲ್ಲ. ನಮ್ಮ ಗೇಟಿಗೆ ನಾವೇ ಸರ್ಕಾರ.

ಕಟ್ಟೋವಾಗಲೇ ಜಾಗ ಬಿಡೋದು ಎಷ್ಟು ಮುಖ್ಯ ಅನ್ನೋದಕ್ಕೆ ನೆದರ್ಲೆಂಡ್ಸ್ ಕಥೆ ಕೇಳಿ. ಸೈಕಲ್‌ಗಳ ದೇಶ ಅದು. ಅಲ್ಲಿನ ಉಟ್ರೆಕ್ಟ್ ರೈಲ್ವೆ ಸ್ಟೇಷನ್ನಿನ ಅಡಿಯಲ್ಲಿ 12,500 ಸೈಕಲ್ ನಿಲ್ಲೋ ಜಾಗ ಇದೆ. ಅಂಥ ದೇಶ 2003ರಲ್ಲಿ ಏನು ಮಾಡ್ತು? ಹೊಸ ಮನೆಗಳಿಗೆ ಸೈಕಲ್, ಸಾಮಾನು ಇಡೋ ಕೋಣೆ ಕಡ್ಡಾಯ ಅನ್ನೋ ನಿಯಮವನ್ನೇ ತೆಗೆದುಹಾಕ್ತು. ನಂತರ 2012ರ ಕಟ್ಟಡ ನಿಯಮದಲ್ಲಿ ವಾಪಸ್ ತಂದಿತು. ಹೊಸ ಮನೆ ಕಟ್ಟಿದರೆ ಬೀಗ ಹಾಕಬಹುದಾದ, ಮಳೆ ಬೀಳದ, ಕನಿಷ್ಠ 5 ಚದರ ಮೀಟರ್‌ನ, 1.8 ಮೀಟರ್ ಅಗಲದ ಕೋಣೆ ಇರಬೇಕು. ಸಣ್ಣ ಮನೆಗಳಾದರೆ ಎಲ್ಲರಿಗೂ ಸೇರಿ ಒಂದು ಕೋಣೆಯೂ ನಡೆಯುತ್ತೆ. ಆ 1.8 ಮೀಟರ್ ನೋಡಿದ್ರಾ? ಒಂದು ಸೈಕಲ್ ಉದ್ದ. ಸೈಕಲ್ ಸಂಸ್ಕೃತಿ ಇರೋ ದೇಶದಲ್ಲೇ ನಿಯಮ ಬರೆದಿಡಬೇಕಾಯ್ತು ಅಂದ್ರೆ, ನಮ್ಮಲ್ಲಿ ಬಿಲ್ಡರ್ ತಾನಾಗಿ ಕೊಡ್ತಾನೆ ಅಂತ ಕಾದರೆ ಆಗುತ್ತಾ? ಹೊಸ ಫ್ಲ್ಯಾಟ್ ನೋಡೋಕೆ ಹೋಗೋರು ಈಜುಕೊಳ ಎಲ್ಲಿ, ಜಿಮ್ ಎಲ್ಲಿ ಅಂತ ಕೇಳ್ತೀರಿ. ಸೈಕಲ್ ಎಲ್ಲಿ ಅಂತಲೂ ಕೇಳಿ.

ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಏನಾಯ್ತು ಅಂತ ಹೇಳಿ ಮುಗಿಸ್ತೀನಿ. ಎರಡು ಮೀಟಿಂಗ್, ಒಂದು ಜಗಳ ಆದ ಮೇಲೆ ಎರಡು ವಿಸಿಟರ್ಸ್ ಪಾರ್ಕಿಂಗ್ ಜಾಗ ಸೈಕಲ್‌ಗೆ ಬಂತು. ಓರೆ ಸ್ಟ್ಯಾಂಡ್, ಮೇಲೊಂದು ಟ್ಯೂಬ್‌ಲೈಟ್, ಒಂದು ಕ್ಯಾಮೆರಾ, ಗೇಟಿನಲ್ಲಿ ಒಂದು ಪುಸ್ತಕ. ಕೆಲಸಕ್ಕೆ ಬರೋರ ಸೈಕಲ್‌ಗೆ ಕ್ಯಾಬಿನ್ ಪಕ್ಕ ಐದು ಜಾಗ. ಮಗಳ ಸೈಕಲ್ ನಂಬರ್ 11. ಅವಳಿಗೆ ಬಾಯಿಪಾಠ.

ಯಾದಗಿರಿಯ ಆ ಮನುಷ್ಯನನ್ನು ಹುಡುಕಿದೆ. ಏಜೆನ್ಸಿಗೆ ಫೋನ್ ಮಾಡಿದೆ, "ಬಿಟ್ಟು ಹೋದ್ರು ಸಾರ್" ಅಂದರು. ಅವರ ನಂಬರ್ ಸ್ವಿಚ್ ಆಫ್. ಗ್ರೂಪ್‌ನಲ್ಲಿ ನನ್ನ ತಪ್ಪು ಒಪ್ಪಿಕೊಂಡು ಬರೆದೆ. ಆರೋಪಕ್ಕೆ ಐವತ್ತು ಉತ್ತರ ಬಂದಿದ್ದವಲ್ಲ, ಕ್ಷಮೆಗೆ ಮೂರು ಬಂದವು. "ಯಾರ ಸೈಕಲ್ ಯಾವ್ದು ಅಂತ ನನಗ ಹ್ಯಾಂಗ್ ಗೊತ್ತಾಗಬೇಕ್ರಿ" ಅಂತ ಅವರು ಅವತ್ತು ಕೇಳಿದ್ದು ನೆಪ ಆಗಿರಲಿಲ್ಲ. ಇಡೀ ಸಮಸ್ಯೆಯನ್ನು ಒಂದೇ ಸಾಲಿನಲ್ಲಿ ಹೇಳಿದ್ದರು. ಎಂಜಿನಿಯರಿಂಗ್ ಓದಿದ ನನಗೆ ಅರ್ಥ ಆಗೋಕೆ ಹನ್ನೆರಡು ದಿನ ಬೇಕಾಯ್ತು.

ಇವತ್ತು ರಾತ್ರಿ ಊಟ ಆದ ಮೇಲೆ ಒಂದ್ಸಲ ನಿಮ್ಮ ಬೇಸ್‌ಮೆಂಟ್‌ಗೆ ಇಳಿದು ನೋಡಿ. ನಿಮ್ಮ ಸೈಕಲ್ ಎಲ್ಲಿದೆ ಅಂತ ನೀವು ಬಿಟ್ಟು ಇನ್ನೊಬ್ಬರಿಗೆ ಗೊತ್ತಿದೆಯಾ, ಕೇಳಿ. ಗೊತ್ತಿಲ್ಲ ಅಂದ್ರೆ ಅದಕ್ಕೊಂದು ಜಾಗ, ಒಂದು ನಂಬರ್ ಕೊಡಿಸಿ. ಅದು ಕಳೆದುಹೋಗೋಕೆ ಮುಂಚೆ. ಯಾರನ್ನೋ ಕಳ್ಳ ಅನ್ನೋಕೆ ಮುಂಚೆ.